ಬೀಳು ಬಿಟ್ಟ ಪಾಲು

ಇಳಿತದ ಹೊತ್ತಿಗೆ ತಡೆಗೋಡೆಯ ಮೆಟ್ಟಿಲಿಳಿದು ನೇರ ನಡೆದರೆ, ಕಡಲು ಹಿಂದೆ ಸರಿದ ಜಾಗದಲ್ಲಿ ಒಂದು ದಿಬ್ಬ ಮೇಲೇಳುತ್ತದೆ. ಅದರ ತುಂಬ ಕಡಲಹುಲ್ಲು. ಹುಲ್ಲಿನ ಬುಡದ ಕೆಸರಿನಲ್ಲಿ ಕಪ್ಪೆಚಿಪ್ಪು. ನಮ್ಮ ಬೀದಿಯ ಹೆಂಗಸರು ಅದನ್ನು ಕೆದಕಿ, ತೊಳೆದು, ಪೇಟೆಗೆ ಮಾರಿ ಮನೆ ನಡೆಸಿಕೊಂಡು ಬಂದವರು. ಗಂಡಸರು ಬಂದರಿನಲ್ಲಿ ಮೂಟೆ ಹೊತ್ತರು, ಲಾರಿ ಓಡಿಸಿದರು. ಅವರ ಕೆಲಸ ಇದ್ದಾಗ ಇತ್ತು, ಇಲ್ಲದಾಗ ಇಲ್ಲ. ದಿಬ್ಬ ಮಾತ್ರ ತಪ್ಪದೆ ನೀರಿನಿಂದ ಎದ್ದು ಬರುತ್ತಿತ್ತು.

ಯಾವ ದಿನ ಎಲ್ಲಿ ಕೆದಕಬೇಕೆಂದು ಹೇಳುವವಳು ನನ್ನ ಓರಗಿತ್ತಿ, ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅಕ್ಕ ಎನ್ನುತ್ತೇನೆ. ಬೀದಿಯವರೆಲ್ಲ ಅವಳನ್ನು ಮೇಸ್ತ್ರಿ ಎನ್ನುತ್ತಾರೆ. ಮೇಸ್ತ್ರಿ ಎಂದು ಕರೆದರೆ ಮೊದಮೊದಲು ರೇಗುತ್ತಿದ್ದಳು, ಆಮೇಲೆ ಹಾಗೆ ಕರೆಯದಿದ್ದರೆ ತಿರುಗಿ ನೋಡದಂತಾದಳು.

ದಿಬ್ಬವನ್ನು ನಾವು ಮೂರು ಪಾಲು ಮಾಡಿಕೊಂಡಿದ್ದೆವು. ಎರಡರಲ್ಲಿ ಕೆದಕುವುದು, ಒಂದನ್ನು ಬೀಳು ಬಿಡುವುದು. ಹೊಲದವರು ನೆಲಕ್ಕೆ ಹೇಳುವ ಮಾತನ್ನೇ ನಾವು ಕೆಸರಿಗೂ ಹೇಳುತ್ತಿದ್ದೆವು. ಬೀಳು ಪಾಲಿಗೆ ಯಾವತ್ತೂ ಯಾರೂ ಕೈ ಹಾಕುವಂತಿಲ್ಲ. ಅಲ್ಲಿ ಬಲಿತ ಚಿಪ್ಪು ಮರಿ ಹಾಕುತ್ತದೆ, ಮರಿ ನೀರಿನ ಜೊತೆ ತೇಲಿ ಉಳಿದೆರಡು ಪಾಲಿಗೂ ಹರಡುತ್ತದೆ. ಗುರುತಿಗೆಂದು ಕೋಲು ನೆಡುವ ಪದ್ಧತಿ ಇಲ್ಲ. ದೀಪಸ್ತಂಭದ ತುದಿ ನೀರಿನ ಟ್ಯಾಂಕಿನ ಹಿಂದೆ ಮರೆಯಾಯಿತೆಂದರೆ ಅಲ್ಲಿಗೆ ನಿಲ್ಲಬೇಕು.

ಕೋಲು ನೆಡದಿರುವುದಕ್ಕೆ ಕಾರಣವಿತ್ತು. ಎಂಜಿನ್ ದೋಣಿಯವರು ಕಬ್ಬಿಣದ ಹಲ್ಲು ಕಟ್ಟಿದ ಬಲೆಯನ್ನು ತಳದ ಮೇಲೆ ಎಳೆಯುತ್ತಾರೆ. ಒಂದು ಸಲ ಎಳೆದರೆ ಹುಲ್ಲು, ಬೇರು, ಮರಿ, ದೊಡ್ಡದು ಎಲ್ಲ ಒಟ್ಟಿಗೆ ಬಾಚಿಕೊಂಡು ಹೋಗುತ್ತದೆ. ಅವರ ಹತ್ತಿರ ಪರವಾನಗಿ ಇದೆ, ಕೇಳುವ ಹಾಗಿಲ್ಲ. ಆದರೆ ಡೀಸೆಲ್ ಸುಟ್ಟು ಬರುವವರು ಸುಮ್ಮಸುಮ್ಮನೆ ಬರುವುದಿಲ್ಲ. ಮಾಲು ಇರುವುದು ಖಾತ್ರಿಯಾದರೆ ಮಾತ್ರ ಬರುತ್ತಾರೆ. ನಾವು ದಿನಾ ಕೆದಕುವ ಕಡೆ ಅವರಿಗೆ ಅಂಥ ಮಾಲು ಸಿಗುವುದಿಲ್ಲ. ಬೀಳು ಪಾಲಿನ ಬಗ್ಗೆ ನಾವು ಒಂದು ಮಾತು ಹಬ್ಬಿಸಿದ್ದೆವು: ಅಲ್ಲಿ ಬರೀ ಜೌಗು, ಕಾಲಿಟ್ಟರೆ ಸೊಂಟದವರೆಗೆ ಹೂತುಹೋಗುತ್ತೆ, ಒಂದು ಚಿಪ್ಪೂ ಇಲ್ಲ. ದೋಣಿಯವರಿಗೆ ಹೇಳಿದೆವು, ತೆರಿಗೆಯವರಿಗೆ ಹೇಳಿದೆವು, ಬೀಗರಿಗೆ ಹೇಳಿದೆವು. ಹೇಳಿ ಹೇಳಿ ಎಷ್ಟು ಪಳಗಿದ್ದೆವೆಂದರೆ, ನಾವು ಹೆತ್ತ ಮಕ್ಕಳೇ ಆ ಕಡೆ ಈಜಲು ಹೆದರುತ್ತಿದ್ದರು.

ಹೀಗಿರುವಾಗ ಬಂದರನ್ನು ಅಗಲ ಮಾಡುವ ಮಾತು ಬಂತು. ದೊಡ್ಡ ಹಡಗು ಒಳಗೆ ಬರಲು ಕಾಲುವೆಯ ಹೂಳು ಎತ್ತಬೇಕು, ಎತ್ತಿದ ಹೂಳನ್ನು ದಿಬ್ಬದ ಮೇಲೆ ಸುರಿದು ಎತ್ತರಿಸಿ, ಅದರ ಮೇಲೆ ಸರಕಿನ ಪೆಟ್ಟಿಗೆ ಇಡುವ ಅಂಗಳ ಮಾಡಬೇಕು. ನಗರಸಭೆಯವರು ಹೂಂ ಎನ್ನಲೂ ಇಲ್ಲ, ಊಹೂಂ ಎನ್ನಲೂ ಇಲ್ಲ. ಮೊದಲು ದಿಬ್ಬದ ಬೆಲೆ ಎಷ್ಟೆಂದು ತಿಳಿದವರಿಂದ ಅಂದಾಜು ಮಾಡಿಸಿ, ಆಮೇಲೆ ನೋಡೋಣ ಎಂದರು.

ಹಾಗೆ ಬಂದವರು ಬೆಲೆ ಮೇಡಂ. ನಲವತ್ತರ ಆಸುಪಾಸಿನ ಹೆಂಗಸು, ಬಿಸಿಲಿಗೆ ಮುಖ ಕಪ್ಪಿಟ್ಟಿತ್ತು. ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ನಾವು ಚಿಪ್ಪು ತೊಳೆಯುವ ಕಟ್ಟೆಗೆ ಬಂದು ನಮ್ಮ ಪಕ್ಕದಲ್ಲೇ ಕೂತರು.

"ಕಡಲಿಗೆ ಬೆಲೆ ಕಟ್ತೀರಂತೆ?" ಎಂದು ಅಕ್ಕ ಕೇಳಿದಳು.

"ಕಡಲಿಗಲ್ಲ ಅಮ್ಮ. ಅದು ಮಾಡೋ ಕೆಲಸಕ್ಕೆ."

"ಅದು ಕೆಲಸ ಬೇರೆ ಮಾಡುತ್ತಾ? ಸಂಬಳ ಎಲ್ಲಿ ತಗೊಳ್ಳುತ್ತೆ?"

"ತಗೊಳ್ಳಲ್ಲ. ಅದಕ್ಕೇ ಎಲ್ಲರೂ ಅದು ಕೆಲಸಾನೇ ಮಾಡ್ತಿಲ್ಲ ಅಂದುಕೊಂಡಿರೋದು."

"ಓ, ನಮ್ಮ ಹಾಗೆ ಅನ್ನಿ, ಮನೇಲಿ" ಎಂದಳು ಟೇಲರಮ್ಮ. ಎದುರು ಮನೆಯವಳು ಅವಳು, ಮಧ್ಯಾಹ್ನ ಬಟ್ಟೆ ಹೊಲಿಯುತ್ತಾಳೆ, ಬೆಳಿಗ್ಗೆ ನಮ್ಮ ಜೊತೆ ಕೆಸರು. ಮೇಡಂ ನಕ್ಕರು. ಆಮೇಲೆ ಒಂದೊಂದಾಗಿ ಬಿಡಿಸಿ ಹೇಳಿದರು. ಈ ಹುಲ್ಲಿನಲ್ಲಿ ಅಡಗಿ ಬೆಳೆದ ಮೀನಿನ ಮರಿಗಳೇ ಆಳಕ್ಕೆ ಹೋಗಿ ದೊಡ್ಡ ಮೀನಾಗುತ್ತವೆ. ಆ ಮೀನಿಗೆ ಪೇಟೆಯಲ್ಲಿ ದರವಿದೆ. ಬಿರುಗಾಳಿಯ ಅಲೆ ದಿಬ್ಬದ ಮೇಲೆ ಉರುಳಿ ಸುಸ್ತಾಗಿ ತಡೆಗೋಡೆಗೆ ಬಂದು ತಾಗುತ್ತದೆ. ದಿಬ್ಬ ಇಲ್ಲದಿದ್ದರೆ ಗೋಡೆಯನ್ನು ಎಷ್ಟು ಎತ್ತರಿಸಬೇಕು, ಅದರ ಖರ್ಚೆಷ್ಟು ಎಂದು ಲೆಕ್ಕ ಹಾಕಬಹುದು. ಊರಿನ ಹೊಗೆಯಲ್ಲಿರುವ ಇಂಗಾಲವನ್ನು ಹುಲ್ಲು ಹೀರಿ ಕೆಸರಿನಲ್ಲಿ ಹೂತಿಡುತ್ತದೆ. ಅದಕ್ಕೂ ಈಗ ದರ ಬಂದಿದೆ.

"ಇದೆಲ್ಲ ನಾವು ಉಪಕರಣ ಇಟ್ಟು ಅಳೀತೀವಿ. ಕೊನೇದು ಒಂದಿದೆ. ಈ ದಿಬ್ಬ ನಿಮಗೆ ಎಷ್ಟು ಬೇಕು ಅನ್ನೋದು. ಅದನ್ನ ಅಳೆಯೋ ಉಪಕರಣ ಇಲ್ಲ, ಬಾಯಿಬಿಟ್ಟು ಕೇಳಬೇಕು ಅಷ್ಟೇ."

"ಕೇಳಿ ಏನು ಮಾಡ್ತೀರಿ?"

"ಎಲ್ಲ ಕೂಡಿಸಿ ತಕ್ಕಡಿಯ ಒಂದು ಕಡೆ ಇಡ್ತೀವಿ. ಬಂದರಿನ ಲಾಭ ಇನ್ನೊಂದು ಕಡೆ. ಆ ಕಡೆ ಭಾರ ಆದರೆ ದಿಬ್ಬ ಹೋಗುತ್ತೆ ಅಮ್ಮ. ಮುಚ್ಚುಮರೆ ಮಾಡಲ್ಲ ನಾನು."

ಅಕ್ಕ ಕೈಯಲ್ಲಿದ್ದ ಚಿಪ್ಪನ್ನು ಎರಡು ಸಲ ತೊಳೆದಳು. ಒಂದೇ ಸಲಕ್ಕೆ ಶುಭ್ರವಾಗಿತ್ತು ಅದು.

ಮೇಡಂ ಒಳ್ಳೆಯವರೇ. ಆದರೆ ನಮ್ಮ ಬೀದಿಗೆ ಕಾಗದ ಹಿಡಿದು ಬಂದವರ ಮೇಲೆ ನಂಬಿಕೆ ಹೋಗಿ ಬಹಳ ಕಾಲವಾಗಿತ್ತು. ಹಿಂದೆ ನಲ್ಲಿ ಹಾಕಿಸುವ ಮೊದಲು ಇಬ್ಬರು ಬಂದು, ನಿಮ್ಮ ಮನೆಯಿಂದ ತಿಂಗಳಿಗೆ ಎಷ್ಟು ಕೊಡಬಹುದು, ಸುಮ್ಮನೆ ತಿಳಿದುಕೊಳ್ಳೋಕೆ ಎಂದು ಕೇಳಿಕೊಂಡು ಹೋಗಿದ್ದರು. ನಮ್ಮವರು ಮರ್ಯಾದೆಗೆ ಅಂಜಿ ಬಾಯಿಗೆ ಬಂದಷ್ಟು ಹೇಳಿದ್ದರು. ನಲ್ಲಿಯಲ್ಲಿ ನೀರು ಬರುವ ಮೊದಲೇ ಅದೇ ಮೊತ್ತದ ಬಿಲ್ಲು ಬಂತು. ಅಂದಿನಿಂದ ಬೀದಿಯಲ್ಲಿ ಒಂದು ತೀರ್ಮಾನ: ಕೇಳಲು ಬಂದವರಿಗೆ ಸಂಖ್ಯೆ ಹೇಳಬಾರದು. ಈ ಸಲವೂ ಅಕ್ಕ ಅದನ್ನೇ ಹೇಳಿದಳು. "ಯಾರು ಬಂದು ಎಷ್ಟು ಕೊಡ್ತೀರಿ ಅಂತ ಕೇಳಿದರೂ ಏನೂ ಇಲ್ಲ ಅನ್ನಿ. ಯಾಕೆ ಅಂತ ಕೇಳಿದರೆ ಸುಮ್ಮನಿರಿ." ಎಲ್ಲರೂ ತಲೆಯಾಡಿಸಿದೆವು.

ಕೇಳಲು ಬಂದವಳು ಬೇರೆ ಯಾರೂ ಅಲ್ಲ, ಅಕ್ಕನ ಸೊಸೆ. ಔಷಧದ ಅಂಗಡಿಯಲ್ಲಿ ಅರ್ಧ ದಿನದ ಕೆಲಸ ಅವಳದು. ಉಳಿದರ್ಧ ದಿನಕ್ಕೆ ಮೇಡಂ ಅವಳನ್ನು ಮನೆಮನೆಗೆ ಪ್ರಶ್ನೆ ಕೇಳಲು ನೇಮಿಸಿಕೊಂಡಿದ್ದರು. ದೂರದ ಊರಿನಿಂದ ಮದುವೆಯಾಗಿ ಬಂದವಳು, ಒಂದು ದಿನವೂ ದಿಬ್ಬಕ್ಕೆ ಇಳಿದವಳಲ್ಲ. ಕಾಗದದಲ್ಲಿ ಇದ್ದ ಹಾಗೇ ಕೇಳಬೇಕು, ಒಂದಕ್ಷರ ಬದಲಿಸಬಾರದು ಎಂದು ಅವಳಿಗೆ ತರಬೇತಿ ಕೊಟ್ಟಿದ್ದರು. ತನ್ನ ಮನೆಯ ಸರದಿ ಬಂದಾಗ ಹೊರಗೆ ಹೋಗಿ ಬಾಗಿಲು ತಟ್ಟಿ ಒಳಗೆ ಬಂದಳು. ನಾನು ಅಲ್ಲೇ ಬೆಳ್ಳುಳ್ಳಿ ಬಿಡಿಸುತ್ತಾ ಕೂತಿದ್ದೆ.

"ನಮಸ್ಕಾರ. ನಾನು ಒಂದು ಅಧ್ಯಯನಕ್ಕಾಗಿ ಬಂದಿದ್ದೇನೆ."

"ಗೊತ್ತು. ಬೆಳಿಗ್ಗೆ ನಿನಗೆ ಊಟದ ಡಬ್ಬಿ ಕಟ್ಟಿಕೊಟ್ಟಿದ್ದು ನಾನೇ."

"ಅತ್ತೆ, ಮಧ್ಯೆ ಮಾತಾಡಬಾರದು. ತಾವು ಈ ಕುಟುಂಬದ ಮುಖ್ಯಸ್ಥರೇ?"

"ಅದನ್ನ ನೀನೇ ಹೇಳು. ನಿನ್ನ ಬಾಯಿಂದ ಒಂದು ಸಲ ಕೇಳಿಬಿಡ್ತೀನಿ."

ಸೊಸೆ ನನ್ನ ಕಡೆ ನೋಡಿದಳು. ನಾನು ಬೆಳ್ಳುಳ್ಳಿ ನೋಡಿದೆ. "ಹೌದು ಅಂತ ಬರ್ಕೋತೀನಿ" ಎಂದಳು.

"ಕೇಳಿಸ್ಕೊಂಡೆಯೇನೇ? ನೀನೇ ಸಾಕ್ಷಿ" ಎಂದು ಅಕ್ಕ ನನಗೆ ಹೇಳಿದಳು.

ಆಮೇಲೆ ದಿಬ್ಬದ ನಕ್ಷೆ ಬಂತು. ನೀವು ಬಳಸುವ ಭಾಗ ಯಾವುದು ತೋರಿಸಿ ಎಂದಾಗ ಅಕ್ಕ ಎರಡು ಪಾಲಿನ ಮೇಲೆ ಬೆರಳಾಡಿಸಿದಳು. ಮೂರನೆಯದಕ್ಕೆ, "ಅದು ಜೌಗು, ನಿನಗೇ ಗೊತ್ತಲ್ಲ" ಎಂದಳು. ಸೊಸೆ ಹೂಂಗುಟ್ಟಿ ಅಲ್ಲಿ ಬೂದು ಬಣ್ಣದ ಪೆನ್ಸಿಲು ಆಡಿಸಿದಳು. ಕೊನೆಗೆ ಆ ಪ್ರಶ್ನೆ.

"ಈ ದಿಬ್ಬವನ್ನು ಈಗಿರುವಂತೆಯೇ ಉಳಿಸಿಕೊಳ್ಳಲು ತಮ್ಮ ಕುಟುಂಬವು ತಿಂಗಳಿಗೆ ಹೆಚ್ಚೆಂದರೆ ಎಷ್ಟು ಹಣ ಕೊಡಲು ಸಿದ್ಧವಿದೆ?"

"ಏನೂ ಇಲ್ಲ."

"ಸ್ವಲ್ಪವೂ?"

"ಸ್ವಲ್ಪವೂ ಅಂತ ಕಾಗದದಲ್ಲಿ ಇದೆಯಾ?"

"ಇಲ್ಲ."

"ಮತ್ತೆ?"

"ಕಾರಣ ಹೇಳಿ ಅತ್ತೆ. ಕಾರಣಕ್ಕೆ ಇಲ್ಲಿ ಜಾಗ ಬಿಟ್ಟಿದಾರೆ."

"ಬಾಯಿ ಬಿಟ್ಟರೆ ಬಿಲ್ಲು ಬರುತ್ತೆ. ಸೊನ್ನೆ ಹಾಕ್ಕೊಂಡು ಕೈ ತೊಳಕೋ, ಊಟ ಮಾಡೋಣ."

ಅವಳು ಸೊನ್ನೆ ಹಾಕಿದಳು. ಬೀದಿಯ ಅಷ್ಟೂ ಮನೆಯಲ್ಲಿ ಅದನ್ನೇ ಹಾಕಿಕೊಂಡು ಬಂದಳು.

ಅಂದಾಜಿನ ಕರಡು ಸಿದ್ಧವಾದ ಮೇಲೆ ನಗರಸಭೆಯ ಸಭಾಂಗಣದಲ್ಲಿ ಎಲ್ಲರ ಮುಂದೆ ಓದಿದರು. ನಾವೂ ಹೋಗಿದ್ದೆವು. ಮರದ ಕುರ್ಚಿಗಳು, ಮೇಲೆ ಫ್ಯಾನು ಕಿರುಗುಡುತ್ತಿತ್ತು, ಗೋಡೆಗೆ ಬಿಳಿ ಪರದೆ. ಮೀನಿನ ಲೆಕ್ಕ ಬಂತು, ದೊಡ್ಡದಿತ್ತು. ಅಲೆಯ ಲೆಕ್ಕ ಇನ್ನೂ ದೊಡ್ಡದು. ಆಮೇಲೆ ಜನರನ್ನು ಕೇಳಿದ ಲೆಕ್ಕ. ಪೇಟೆಯವರು, ಸಂಜೆ ಗೋಡೆಯ ಮೇಲೆ ಗಾಳಿ ಸೇವನೆಗೆ ಬರುವವರು, ತಮ್ಮ ತಮ್ಮ ಶಕ್ತಿಗೆ ತಕ್ಕಷ್ಟು ಹೇಳಿದ್ದರು. ತಡೆಗೋಡೆ ಬೀದಿ ಎಂದು ಬರೆದದ್ದರ ಮುಂದೆ ಸೊನ್ನೆ. ದಿಬ್ಬದ ಬಾಯಿಗೇ ಮನೆ ಇಟ್ಟುಕೊಂಡ ನಾವು ಸೊನ್ನೆ.

ನಂತರ ನಕ್ಷೆ ಹಾಕಿದರು. ಎರಡು ಪಾಲು ಹಸಿರು, ಒಂದು ಬೂದು. ಬೂದು ಬಣ್ಣದ ಮೇಲಿದ್ದ ಸಣ್ಣ ಅಕ್ಷರಗಳನ್ನು ನಾನು ಒಂದೊಂದಾಗಿ ಕೂಡಿಸಿ ಓದುವಷ್ಟರಲ್ಲಿ ಬಂದರಿನ ಇಂಜಿನಿಯರ್ ಎದ್ದು ನಿಂತಿದ್ದರು. ಬಳಕೆಯಲ್ಲಿಲ್ಲದ ಜೌಗು ಎಂದು ಬರೆದಿತ್ತು.

"ಯಾರ ಹೊಟ್ಟೆ ಮೇಲೂ ಹೊಡೆಯೋದು ನಮ್ಮ ಉದ್ದೇಶ ಅಲ್ಲ" ಎಂದರು ಇಂಜಿನಿಯರ್. ಮೆತ್ತಗಿನ ಮಾತಿನ ಮನುಷ್ಯ. "ಮೇಡಂ ಅಂದಾಜನ್ನ ನಾವು ಒಪ್ಪುತ್ತೀವಿ. ಹಸಿರು ಭಾಗ ಮುಟ್ಟೋದಿಲ್ಲ. ಯಾರಿಗೂ ಬೇಡವಾದ ಈ ಬೂದು ಭಾಗದಲ್ಲಿ ಮಾತ್ರ ಹೂಳು ಹಾಕ್ತೀವಿ. ಅಂಗಳ ಸ್ವಲ್ಪ ಚಿಕ್ಕದಾಗುತ್ತೆ, ಆಗಲಿ."

ಜನ ಚಪ್ಪಾಳೆ ತಟ್ಟಿದರು. ತಟ್ಟುವಂತೆಯೇ ಇತ್ತು ಮಾತು. ಅಕ್ಕ ನನ್ನ ಮಣಿಕಟ್ಟು ಹಿಡಿದುಕೊಂಡಳು. ಅವಳ ಉಗುರು ನಾಟಿದ್ದು ಅವಳಿಗೆ ಗೊತ್ತಾಗಲಿಲ್ಲ.

ಹೊರಗೆ ಮೆಟ್ಟಿಲ ಮೇಲೆ ಮೇಡಂ ನಮ್ಮನ್ನು ತಡೆದರು. "ಅಮ್ಮ, ಬೀದಿಗೆ ಬೀದಿಯೇ ಸೊನ್ನೆ ಅಂದರೆ ನನಗೆ ನಂಬಿಕೆ ಬರೋದಿಲ್ಲ. ಆದರೆ ಕಾರಣ ಕೊಡದ ಸೊನ್ನೆಯನ್ನ ನಾನಾಗಿ ತಿದ್ದೋ ಹಾಗಿಲ್ಲ. ಏನಾದರೂ ಇದ್ದರೆ ಮುಂದಿನ ಸಭೆಯಲ್ಲಿ ಹೇಳಿ."

"ನಿಮ್ಮ ಕಿವೀಲಿ ಹೇಳಿದರೆ ಆಗಲ್ವಾ?"

"ನಿಲ್ಲಲ್ಲ ಅಮ್ಮ. ಗುಟ್ಟಾಗಿ ಹೇಳಿದ್ದು ಅಂತ ಬಂದರಿನ ವಕೀಲರು ಹರಿದು ಹಾಕ್ತಾರೆ. ಸಭೆಯಲ್ಲೇ ಹೇಳಬೇಕು, ಎಲ್ಲರಿಗೂ ಕೇಳೋ ಹಾಗೆ."

ಸಭೆಗೆ ಯಾರು ಬೇಕಾದರೂ ಬಂದು ಕೂರಬಹುದು. ಎಂಜಿನ್ ದೋಣಿಗಳ ಯಜಮಾನ ಅಂದು ಹಿಂದಿನ ಸಾಲಿನಲ್ಲೇ ಕೂತಿದ್ದ. ಬಂದರು ಅಗಲವಾದರೆ ತನ್ನ ದೋಣಿ ನಿಲ್ಲಿಸಲು ಜಾಗ ಎಲ್ಲಿ ಎಂಬುದು ಅವನ ಚಿಂತೆ.

ಮನೆಗೆ ಬಂದ ಮೇಲೆ ಅಕ್ಕ ಸೊಸೆಯನ್ನು ಕೂರಿಸಿಕೊಂಡು ನಿಜ ಹೇಳಿದಳು. ಸೊಸೆ ಮೊದಲು ನಂಬಲಿಲ್ಲ. ನಂಬಿದ ಮೇಲೆ ಅವಳ ಮುಖ ಕೆಂಪಾಯಿತು.

"ಅಲ್ಲಿ ಚಿಪ್ಪು ಇದೆಯಾ? ನನಗೂ ಸುಳ್ಳು ಹೇಳಿದಿರಾ?"

"ನಿನ್ನ ಗಂಡನಿಗೂ ಹೇಳಿದೀನಿ. ಅವನು ಇನ್ನೂ ನಂಬಿಕೊಂಡಿದಾನೆ."

"ತಮಾಷೆ ಬೇಡ ಅತ್ತೆ. ಆ ಬೂದು ಬಣ್ಣ ಹಚ್ಚಿದ್ದು ನಾನು. ನನ್ನ ಕೈಯಲ್ಲೇ ಹಚ್ಚಿಸಿದಿರಿ."

ಸೊಸೆ ಒಳಗೆ ಹೋದಳು, ಪಾತ್ರೆ ಸದ್ದು ಮಾಡಿದಳು, ಮತ್ತೆ ಹೊರಗೆ ಬಂದಳು. ಈ ಸಲ ಕೋಪದ ದನಿಯಲ್ಲ.

"ಬೀಳು ಬಿಟ್ಟ ಕಡೆ ಕೆದಕಿದ್ದರೆ ಏನು ಸಿಗ್ತಿತ್ತು?"

"ಈಗ ಸಿಗೋದರ ಮೇಲೆ ಇನ್ನೂ ಅರ್ಧದಷ್ಟು."

"ಅಷ್ಟನ್ನ ಪ್ರತಿ ವರ್ಷ ಬಿಟ್ಟುಕೊಂಡು ಬಂದಿದೀರಿ. ದಿಬ್ಬ ಉಳೀಲಿ ಅಂತ. ಅಲ್ವಾ?"

"ಹೂಂ. ಅದಕ್ಕೇನೀಗ?"

"ತಿಂಗಳಿಗೆ ಎಷ್ಟು ಕೊಡ್ತೀರಿ ಅಂತ ಕೇಳಿದಾಗ ಏನೂ ಇಲ್ಲ ಅಂದಿರಿ. ಕೊಡ್ತಾನೇ ಇದ್ದೀರಲ್ಲ ಅತ್ತೆ."

"ಅದು ಕೊಡೋದು ಹೇಗಾಗುತ್ತೆ? ಸುಮ್ಮನೆ ಬಿಡೋದು."

"ತಗೋಬಹುದಾಗಿದ್ದನ್ನ ತಗೊಳ್ಳದೆ ಬಿಟ್ಟರೆ ಅದೂ ಕೊಟ್ಟ ಲೆಕ್ಕವೇ. ತರಬೇತಿಯಲ್ಲಿ ಮೇಡಂ ಹೇಳಿಕೊಟ್ಟಿದ್ದು ಅದೇ. ಹೋಗಿ ಹೇಳಿ. ಎಲ್ಲಿ, ಎಷ್ಟು, ಎಷ್ಟು ಕಾಲದಿಂದ ಅಂತ ಎಲ್ಲ ಹೇಳಿ."

ಅಕ್ಕ ನನ್ನ ಕಡೆ ತಿರುಗಿ, "ಹೆಂಗಸರನ್ನೆಲ್ಲ ಕರಿ" ಎಂದಳು.

ಮಾರನೆಯ ಬೆಳಿಗ್ಗೆ ತೊಳೆಯುವ ಕಟ್ಟೆಯ ಮೇಲೆ ಸೇರಿದೆವು. ಬುಟ್ಟಿಗಳೆಲ್ಲ ಒಣಗಿದ್ದವು, ಅಂದು ಯಾರೂ ಇಳಿದಿರಲಿಲ್ಲ. ಅಕ್ಕ ಇದ್ದದ್ದನ್ನು ಇದ್ದ ಹಾಗೆ ಮುಂದಿಟ್ಟಳು.

"ಹೇಳಿದರೆ ದೋಣಿ ಬರುತ್ತೆ, ಹೇಳದಿದ್ದರೆ ಹೂಳು ಬರುತ್ತೆ" ಎಂದಳು ಟೇಲರಮ್ಮ. "ಯಾವುದರ ಕೆಳಗೆ ಮಲಗಬೇಕು ಅಂತ ನೀನೇ ಹೇಳಿಬಿಡು ಮೇಸ್ತ್ರಿ."

ನಾನು ಹೇಳುವುದು ಬೇಡ ಎಂದೆ. ಇಂಜಿನಿಯರ್ ಎರಡು ಪಾಲು ಬಿಡುತ್ತೇನೆ ಎಂದಿದ್ದಾರಲ್ಲ, ಅಷ್ಟಾದರೂ ಉಳಿಯಲಿ ಎಂದೆ. ಇನ್ನೂ ಕೆಲವರು ನನ್ನ ಹಾಗೇ ಅಂದರು.

"ಆ ಎರಡು ಎಷ್ಟು ದಿನ ಇರುತ್ತೆ ಹೇಳು" ಎಂದಳು ಅಕ್ಕ. "ಬೀಳು ಬಿಡೋಕೆ ಜಾಗ ಎಲ್ಲಿ ಆಮೇಲೆ? ಮರಿ ಎಲ್ಲಿಂದ ಬರಬೇಕು? ಪಕ್ಕದಲ್ಲಿ ಸುರಿದ ಹೂಳು ನೀರು ಏರೋ ಪ್ರತಿ ಭರತಕ್ಕೂ ಕರಗಿ ಬಂದು ಇದರ ಮೇಲೆ ಕೂರುತ್ತೆ. ಒಂದು ಹೋದರೆ ಮೂರೂ ಹೋಯಿತು ಅಂತಲೇ ತಿಳ್ಕೋ."

"ದೋಣಿ ಬಂದರೆ?"

"ದೋಣಿ ಬಂದರೆ ಚಿಪ್ಪು ಹೋಗುತ್ತೆ, ಹುಲ್ಲು ಹೋಗುತ್ತೆ. ಕೆಸರು ಇರುತ್ತೆ. ಹೂಳು ಬಿದ್ದರೆ ಕೆಸರೂ ಇರಲ್ಲ."

ಟೇಲರಮ್ಮ ಎದ್ದು ಸೆರಗು ಕೊಡವಿದಳು. "ಹಾಗಾದರೆ ಹೇಳು. ಬರೀ ನೀನು ಮಾತಾಡಿದರೆ ಸಾಲದು, ನಾವೂ ಬಂದು ಹಿಂದೆ ನಿಲ್ತೀವಿ."

ಎರಡನೆಯ ಸಭೆಗೆ ನಮ್ಮ ಬೀದಿಯ ಹೆಂಗಸರೆಲ್ಲ ಹೋದೆವು. ಅಧ್ಯಕ್ಷರು ಕರೆದಾಗ ಅಕ್ಕ ಎದ್ದಳು. ಮೈಕು ಕೊಟ್ಟರೆ ಬೇಡ ಎಂದಳು. ಮಾತು ತೆಗೆಯುವ ಮೊದಲು ತಿರುಗಿ ಹಿಂದಿನ ಸಾಲು ನೋಡಿದಳು. ದೋಣಿ ಯಜಮಾನ ಅಲ್ಲೇ ಇದ್ದ. ಕಾಲ ಮೇಲೆ ಕಾಲು ಹಾಕಿಕೊಂಡು, ಕನ್ನಡಕ ಒರೆಸಿಕೊಳ್ಳುತ್ತಿದ್ದ. ಇಬ್ಬರ ಕಣ್ಣೂ ಕೂಡಿದವು. ಅವನು ಸ್ವಲ್ಪ ತಲೆಬಾಗಿಸಿದ, ಪರಿಚಯದವರಿಗೆ ಮಾಡುವ ಹಾಗೆ.

ಅಕ್ಕ ಹೇಳಿದಳು. ಬೂದು ಪಾಲು ಜೌಗಲ್ಲ ಎಂದಳು. ಅದು ಬೀಳು ಪಾಲು, ದಿಬ್ಬದ ತಾಯಿಪಾಲು ಎಂದಳು. ಎಲ್ಲಿಂದ ಎಲ್ಲಿಯವರೆಗೆ ಎಂದು ದೀಪಸ್ತಂಭ, ಟ್ಯಾಂಕು ಎಲ್ಲ ಹೇಳಿ ತೋರಿಸಿದಳು. ಇಷ್ಟು ಮನೆಯವರು ಪ್ರತಿ ವರ್ಷ ಇಷ್ಟಿಷ್ಟು ಬುಟ್ಟಿ ಬಿಟ್ಟುಕೊಂಡು ಬಂದಿದ್ದೇವೆ, ತನ್ನ ಅತ್ತೆಯ ಕಾಲದಿಂದ ಇದು ನಡೆದಿದೆ ಎಂದಳು. ಎಷ್ಟು ಕೊಡುತ್ತೀರಿ ಎಂದು ಕೇಳಿದಾಗ ಏನೂ ಇಲ್ಲ ಎಂದದ್ದು ಬಿಲ್ಲಿನ ಹೆದರಿಕೆಗೆ ಎಂದೂ ಹೇಳಿದಳು. ಜನ ನಕ್ಕರು, ಅವಳು ನಗಲಿಲ್ಲ.

ಇಂಜಿನಿಯರ್ ಕೇಳಿದ್ದು ನ್ಯಾಯವಾಗಿಯೇ ಇತ್ತು. "ಅಮ್ಮ, ಇಷ್ಟು ವರ್ಷ ಜೌಗು ಅಂದಿರಿ. ಈಗ ಅಲ್ಲ ಅಂತೀರಿ. ಯಾವುದನ್ನ ನಂಬಬೇಕು ನಾವು?"

"ಎರಡನ್ನೂ ನಂಬಬೇಡಿ ಸಾರ್. ನಾಳೆ ಇಳಿತಕ್ಕೆ ಬನ್ನಿ. ನಿಮಗೆ ಇಷ್ಟ ಬಂದ ಕಡೆ ಅಗೀರಿ. ಹೂತುಹೋದರೆ ನಾನೇ ಎತ್ತಿ ಹಾಕ್ತೀನಿ."

ಮರುದಿನ ಬಂದರು. ಇಂಜಿನಿಯರ್ ಮೊಣಕಾಲಿನ ಬೂಟು ಹಾಕಿಕೊಂಡಿದ್ದರು, ಮೇಡಂ ಅಳತೆಗೆಂದು ನೆಲದ ಮೇಲಿಡುವ ಚೌಕಟ್ಟು ತಂದಿದ್ದರು, ನಗರಸಭೆಯ ಇಬ್ಬರು ಛತ್ರಿ ಹಿಡಿದು ನಿಂತರು. ಚೌಕಟ್ಟು ಇಟ್ಟ ಕಡೆಯಲ್ಲೆಲ್ಲ ಹುಲ್ಲು ಸರಿಸಿ ಕೆಸರಿಗೆ ಕೈ ಹಾಕಿದರೆ ಕೈತುಂಬ ಚಿಪ್ಪು ಬಂತು. ಇಂಜಿನಿಯರ್ ಒಂದನ್ನು ಅಂಗೈಯಲ್ಲಿಟ್ಟು ಬಹಳ ಹೊತ್ತು ನೋಡಿ, ಮೊದಲಿದ್ದ ಜಾಗದಲ್ಲೇ ಒತ್ತಿ ಇಟ್ಟರು. ಗೋಡೆಯ ಮೇಲೆ ನಿಂತು ನೋಡುವವರ ಸಾಲು ಉದ್ದವಾಗಿತ್ತು.

ಮೇಡಂ ಅಂದಾಜನ್ನು ಹೊಸದಾಗಿ ಮಾಡಿದರು. ನಮ್ಮ ಸೊನ್ನೆ ಅಳಿಸಿ ಅಲ್ಲಿ ಬಿಟ್ಟ ಬುಟ್ಟಿಗಳ ಲೆಕ್ಕ ಬಂತು. ತಾಯಿಪಾಲಿನ ಲೆಕ್ಕ ಬೇರೆ ಸೇರಿತು. ತಕ್ಕಡಿ ಈ ಕಡೆ ವಾಲಿತು. ದಿಬ್ಬವನ್ನು ಪೂರ್ತಿಯಾಗಿ ಮುಟ್ಟದೆ ಬಿಡಬೇಕು, ಹೂಳನ್ನು ಆಚೆ ದಂಡೆಯ ಹಳೆಯ ಕಲ್ಲುಕ್ವಾರಿಗೆ ಸಾಗಿಸಬೇಕು ಎಂದು ನಗರಸಭೆ ತೀರ್ಮಾನಿಸಿತು. ಸುದ್ದಿ ತಂದವಳು ಸೊಸೆ. ಬಾಗಿಲಲ್ಲೇ ನಿಂತು ಹೇಳಿದಳು, ಅತ್ತೆಯ ಕೈ ಹಿಡಿದುಕೊಂಡಳು. ಅಕ್ಕ ಅವಳ ತಲೆ ಸವರಿ, "ಡಬ್ಬಿ ತೊಳೆಯೋಕೆ ಹಾಕು" ಎಂದಳು.

ದೋಣಿಗಳು ಬಂದದ್ದು ಅದೇ ವಾರ. ಹಾಡಹಗಲು, ತುಂಬು ಭರತದಲ್ಲಿ. ಕಳ್ಳತನವೇನೂ ಅಲ್ಲವಲ್ಲ, ಪರವಾನಗಿ ಇದ್ದವರು. ದೀಪಸ್ತಂಭವನ್ನೂ ಟ್ಯಾಂಕನ್ನೂ ನೋಡಿ ನೋಡಿ ಸ್ಥಳ ಹಿಡಿದು, ಗಡಿಗೆ ಸರಿಯಾಗಿ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಎಳೆದರು. ನಾವು ಗೋಡೆಯ ಮೇಲೆ ನಿಂತಿದ್ದೆವು. ಟೇಲರಮ್ಮ ಬೈದಳು, ಗಂಟಲು ಕಟ್ಟುವವರೆಗೂ ಬೈದಳು. ಎಂಜಿನ್ನಿನ ಸದ್ದಿಗೆ ಅದು ಅಲ್ಲಿಯವರೆಗೆ ಹೋಗಲಿಲ್ಲ. ಸೊಸೆ ನಗರಸಭೆಗೆ ಓಡಿದಳು. ದಿಬ್ಬದ ಮೇಲೆ ಏನು ಹಾಕಬಾರದು ಎನ್ನುವುದು ನಮ್ಮ ಕೈಯಲ್ಲಿದೆ, ಅಲ್ಲಿಂದ ಏನು ತೆಗೆಯಬಾರದು ಎನ್ನುವುದು ಮೀನುಗಾರಿಕೆ ಇಲಾಖೆಯವರ ಕೈಯಲ್ಲಿದೆ, ಅವರಿಗೆ ಬರೆದು ಕೊಡಿ ಎಂದರಂತೆ.

ಅಕ್ಕ ಕೂತೇ ನೋಡಿದಳು. ನೀರು ಹುಲ್ಲಿನ ಚೂರಿನಿಂದ ಹಸಿರಾಯಿತು, ಆಮೇಲೆ ಕೆಸರಿನಿಂದ ಕಪ್ಪಾಯಿತು. ಕೊನೆಯ ದೋಣಿ ತಿರುಗುವವರೆಗೂ ಏಳಲಿಲ್ಲ. ಮನೆಗೆ ಹೋಗೋಣ ಬಾ ಎಂದೆ. "ನೋಡ್ತೀನಿ ಇರು. ಹೇಳಿದವಳು ನಾನಲ್ವಾ" ಎಂದಳು.

ಇಳಿತಕ್ಕೆ ಇಳಿದು ನೋಡಿದರೆ ನೇಗಿಲು ಹೊಡೆದಂತೆ ಸಾಲು ಸಾಲು. ಒಡೆದ ಚಿಪ್ಪು, ಬೇರು ಮೇಲಾದ ಹುಲ್ಲು. ಮರಿಗಳು ಅಲ್ಲಲ್ಲಿ ಬಾಯಿ ತೆರೆದುಕೊಂಡು ಬಿದ್ದಿದ್ದವು.

ಸೊಸೆ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಔಷಧದ ಅಂಗಡಿಗೆ ಹೋಗುತ್ತಿದ್ದಳು, ಬರುತ್ತಿದ್ದಳು, ಅತ್ತೆಯ ಎದುರು ಬೀಳುತ್ತಿರಲಿಲ್ಲ. ಮೂರನೆಯ ದಿನ ಅಕ್ಕ ತಟ್ಟೆ ಹಾಕಿ ಕೂರಿಸಿದಳು. ನನ್ನನ್ನೂ ಕೂರಿಸಿದಳು.

"ನಾನು ಹೇಳಿ ಅನ್ನದೇ ಇದ್ದಿದ್ದರೆ" ಎಂದು ಶುರು ಮಾಡಿದಳು ಸೊಸೆ.

"ಇದ್ದಿದ್ದರೆ ಹೂಳು ಬೀಳ್ತಿತ್ತು. ತಿನ್ನು."

"ಇದೂ ಹೋಯಿತಲ್ಲ ಅತ್ತೆ."

"ನೋಡು, ನೀನು ಹೇಳಿ ಅಂದಿದ್ದು ಸರಿ. ನಾನು ಹೇಳಿದ್ದೂ ಸರಿ. ಅವರು ಬಾಚಿಕೊಂಡು ಹೋಗಿದ್ದು ತಪ್ಪು. ಮೂರನ್ನೂ ತಂದು ಒಂದೇ ಬುಟ್ಟಿಗೆ ಹಾಕಬೇಡ. ನಿನ್ನ ಪಾಲಿನದನ್ನ ಮಾತ್ರ ಹೊತ್ಕೋ. ಅದು ಅಷ್ಟು ಭಾರ ಇಲ್ಲ."

ಸೊಸೆ ತಟ್ಟೆಯ ಮೇಲೆ ಬಾಗಿದಳು. ಅತ್ತಳೋ ತಿಂದಳೋ ನಾನು ನೋಡಲು ಹೋಗಲಿಲ್ಲ.

ಮೇಡಂ ಸುದ್ದಿ ಕೇಳಿ ಬಂದರು. ಚಪ್ಪಲಿ ಕೈಯಲ್ಲಿ ಹಿಡಿದು ಗೋಡೆಯ ಕೆಳಗೆ ಒಬ್ಬರೇ ನಿಂತಿದ್ದರು. "ಇದು ನನ್ನ ಲೆಕ್ಕದಲ್ಲಿ ಇರಲಿಲ್ಲ ಅಮ್ಮ" ಎಂದರು. ಮೀನುಗಾರಿಕೆಯವರಿಗೆ ಕಳಿಸಲು ನಷ್ಟದ ಲೆಕ್ಕ ಬರೆಯಬೇಕು, ಸಹಾಯ ಮಾಡುತ್ತೀರಾ ಎಂದು ಕೇಳಿದರು. ಅಕ್ಕ ಅವರನ್ನು ಮನೆಗೆ ಕರೆತಂದು ಚಾಪೆ ಹಾಸಿದಳು. "ಬರ್ಕೊಳ್ಳಿ. ಕೇಳಿದ್ದಕ್ಕೆಲ್ಲ ಹೇಳ್ತೀನಿ" ಎಂದಳು. ಆ ಕಾಗದ ಹೋಗಿದೆ. ಉತ್ತರ ಬರುವುದು ಯಾವಾಗಲೋ.

ಅಲ್ಲಿಯವರೆಗೆ ದಿಬ್ಬ ನಡೆಸಬೇಕಲ್ಲ. ಬೋಳಾದ ಪಾಲನ್ನು ಮುಟ್ಟುವಂತಿಲ್ಲ. ಅದು ಚೇತರಿಸಿಕೊಳ್ಳಲು ಮರಿ ಬೇಕಾದರೆ ಇನ್ನೊಂದು ಪಾಲನ್ನೂ ಬೀಳು ಬಿಡಬೇಕು. ಉಳಿಯುವುದು ಒಂದೇ. ಒಂದು ಪಾಲಿನಲ್ಲಿ ಅಷ್ಟೂ ಮನೆಯವರು ಕೆದಕಿದರೆ ಅದೂ ಬೇಗ ಬೋಳಾಗುತ್ತದೆ. ಅರ್ಧದಷ್ಟು ಜನ ಕೆದಕದೆ ನಿಲ್ಲಬೇಕು ಎಂದು ಅಕ್ಕ ಕಟ್ಟೆಯ ಮೇಲೆ ಹೇಳಿದಾಗ, ಯಾರು ನಿಲ್ಲುವುದು ಎಂದು ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಮೊದಲು ನಮ್ಮ ಮನೆ ಬಿಡಿ" ಎಂದಳು ಅಕ್ಕ.

"ನೀನಿಲ್ಲದೆ ಹೇಗೆ ಮೇಸ್ತ್ರಿ?"

"ಇವಳಿದಾಳಲ್ಲ" ಎಂದು ನನ್ನನ್ನು ತೋರಿಸಿದಳು. "ಇಷ್ಟು ವರ್ಷ ನನ್ನ ಬೆನ್ನ ಹಿಂದೆ ಕೂತು ಬರೀ ಹರಟೆ ಹೊಡೆದಿಲ್ಲ ಅಂದುಕೊಂಡಿದೀನಿ."

ನಾನು ಬೇಡವೆಂದೆ. ನನ್ನ ಮನೆಯಲ್ಲಿ ಉಣ್ಣುವವರು ಕಡಿಮೆ, ನಾನೇ ನಿಲ್ಲುತ್ತೇನೆ ಎಂದೆ. ಅಕ್ಕ ಕೇಳಲಿಲ್ಲ. ಅವಳು ನಿಂತ ಮೇಲೆ ಟೇಲರಮ್ಮ ನಿಂತಳು, ಮಿಷನ್ ಇದೆ, ಹೊಲಿದುಕೊಂಡು ಇರ್ತೀನಿ ಎಂದಳು. ಆಮೇಲೆ ಒಬ್ಬೊಬ್ಬರೇ ಸಾಕಷ್ಟು ಜನ ನಿಂತರು. ಜಗಳವಾಗಲಿಲ್ಲ ಎಂದು ಹೇಳಲಾರೆ. ಆಯಿತು, ಮುಗಿಯಿತು.

ಅಕ್ಕ ಈಗ ಆಸ್ಪತ್ರೆಯ ಬಟ್ಟೆ ಒಗೆಯುವ ಕಾರ್ಖಾನೆಗೆ ಹೋಗುತ್ತಾಳೆ. ಹಾಸಿಗೆಯ ಬಟ್ಟೆಗಳನ್ನು ಯಂತ್ರಕ್ಕೆ ಹಾಕುವುದು, ತೆಗೆಯುವುದು, ಮಡಿಸುವುದು. ಮೊದಲ ದಿನ ಅವಳು ಹೊರಟ ಹೊತ್ತೂ ನಾವು ಇಳಿಯುವ ಹೊತ್ತೂ ಒಂದೇ ಆಯಿತು. ಇಸ್ತ್ರಿ ಮಾಡಿದ ಸೀರೆ, ಕಾಲಲ್ಲಿ ಹೊಸ ಚಪ್ಪಲಿ, ಕೈಯಲ್ಲಿ ಊಟದ ಡಬ್ಬಿ. ಸೊಸೆ ಕಟ್ಟಿಕೊಟ್ಟದ್ದು. ಮೆಟ್ಟಿಲ ಹತ್ತಿರ ನಿಂತು ದಿಬ್ಬದ ಕಡೆ ನೋಡಿದಳು.

"ಒಣಗಿದ ಕಾಲಲ್ಲಿ ನಡೆಯೋಕೇ ಬರಲ್ಲ ಕಣೆ ನನಗೆ" ಎಂದಳು.

"ರೂಢಿಯಾಗುತ್ತೆ."

"ಹುಲ್ಲಿನ ಬೇರು ತೇಲಿ ಬಂದಿದ್ದು ಸಿಕ್ಕಿದರೆ ಬಿಸಾಕಬೇಡಿ. ಬೋಳು ಕಡೆ ಅಂಚಿಗೆ ಒತ್ತಿ ಬನ್ನಿ. ಹೆಬ್ಬೆರಳಿನಷ್ಟು ಆಳ ಸಾಕು."

"ಆಗಲಿ ಅಕ್ಕ."

"ಮಧ್ಯಕ್ಕೆ ಹೋಗಬೇಡಿ. ಮೊದಲು ಅಂಚು."

"ಆಗಲಿ."

ಇನ್ನೂ ಏನೋ ಹೇಳಲು ಬಾಯಿ ತೆರೆದಳು. ರಸ್ತೆಯ ತಿರುವಿನಲ್ಲಿ ಬಸ್ಸಿನ ಹಾರನ್ ಕೇಳಿತು. ಡಬ್ಬಿಯನ್ನು ಎದೆಗೆ ಒತ್ತಿಕೊಂಡು, ಹೊಸ ಚಪ್ಪಲಿ ಜಾರದಂತೆ ನೋಡಿಕೊಂಡು ನಡೆದಳು. ನಾನು ಹೆಂಗಸರನ್ನು ಕರೆದುಕೊಂಡು ಮೆಟ್ಟಿಲಿಳಿದೆ.